ಬೋಣಿಗೆ ಮುಂಚೆ ಮಿಕ್ಸಿ ವಾಪಸ್ ತರಬಾರದಂತೆ

ಜಯನಗರದ ಅಮ್ಮನ ಮನೆಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಕ್ಯಾಲಿಫೋರ್ನಿಯಾಕ್ಕೆ ಹೊರಡಲು ಇನ್ನು ಜಾಸ್ತಿ ದಿನ ಇಲ್ಲ. ಸೂಟ್‌ಕೇಸ್ ಬಾಯಿ ತೆರೆದುಕೊಂಡು ಬಿದ್ದಿದೆ. ಅದನ್ನು ಬಿಟ್ಟು ಬರೆಯಲು ಕೂತದ್ದು ಮಗಳು ಕೇಳಿದ ಒಂದು ಪ್ರಶ್ನೆಯಿಂದ.

ಅಮ್ಮ ಹೊಸ ಮಿಕ್ಸಿ ತಂದಿದ್ದರು. ಹಳೆಯದು ಅಪ್ಪ ಇದ್ದಾಗಿನದು, ಅದಾದರೂ ಎಷ್ಟು ವರ್ಷ ರುಬ್ಬೀತು? ಹೊಸದರಲ್ಲಿ ಮೊದಲ ಸಲ ಕಾಯಿ ಚಟ್ನಿ ರುಬ್ಬಿದಾಗಲೇ ಜಾರಿನ ತಳದಿಂದ ನೀರು ಒಸರಿತು. ಮಾರನೇ ದಿನ ಸುಟ್ಟ ವಾಸನೆ. ಆಮೇಲೆ ಗುಂಡಿ ತಿರುಗಿಸಿದರೆ ಗುರ್ ಎಂದು ನಿಂತೇ ಹೋಯಿತು. ಜಾರನ್ನು ಬೋರಲು ಹಾಕಿ ನೋಡಿದೆ. ಬ್ಲೇಡಿನ ಕೆಳಗಿನ ರಬ್ಬರ್ ವಾಷರ್ ಒಂದು ಕಡೆ ಮಡಚಿಕೊಂಡಿತ್ತು. ಕಾಯಿಹಾಲು ಅಲ್ಲಿಂದಲೇ ಮೋಟಾರಿಗೆ ಇಳಿದಿದೆ. ಕಾರ್ಖಾನೆಯಿಂದಲೇ ಬಂದ ದೋಷ, ಅಮ್ಮನ ಕೈವಾಡ ಏನೂ ಇಲ್ಲ.

"ನಡಿಯಮ್ಮ, ವಾಪಸ್ ಕೊಟ್ಟು ಬರೋಣ" ಅಂದೆ.

"ಇವತ್ತು ಶುಕ್ರವಾರ. ಅವರ ಅಂಗಡಿಯಿಂದ ಲಕ್ಷ್ಮಿ ಆಚೆ ಹೋಗಬಾರದು" ಅಂದರು.

ಶನಿವಾರ ಬೆಳಿಗ್ಗೆ ಕರೆದರೆ, "ಬೋಣಿಗೆ ಮುಂಚೆ ಹೋದರೆ ಪಾಪ ಅವರ ದಿನವೇ ಹಾಳು. ಹನ್ನೊಂದರ ಮೇಲೆ ಹೋಗೋಣ" ಅಂದರು. ಆ ಹೊತ್ತಿನ ತನಕ ಹಳೇ ಹಲ್ಲುಜ್ಜುವ ಬ್ರಷ್ ಹಿಡಿದು ಜಾರಿನ ಸಂದಿಯಲ್ಲಿದ್ದ ಚಟ್ನಿಯನ್ನೆಲ್ಲ ತಿಕ್ಕಿದರು. ಬಟ್ಟೆಯಲ್ಲಿ ಒರೆಸಿದರು. ಥರ್ಮೋಕೋಲ್ ಇದ್ದ ಹಾಗೇ ಕೂರಿಸಿ ಡಬ್ಬಕ್ಕೆ ಟೇಪ್ ಹಚ್ಚಿದರು. ಮೋಸ ಹೋದವರು ತಾವು, ಆದರೂ ಅಂಗಡಿಯವನಿಗೆ ಬೇಜಾರಾಗಬಾರದು ಅನ್ನೋ ಚಿಂತೆ.

ಅಂಗಡಿಯಲ್ಲಿ ಗಲ್ಲಾದ ಹಿಂದೆಯೇ ಬೋರ್ಡು: ಮಾರಿದ ಸರಕನ್ನು ವಾಪಸ್ ಪಡೆಯುವುದಿಲ್ಲ. ನೀವೂ ಎಲ್ಲ ಕಡೆ ನೋಡಿರುತ್ತೀರಿ. ಹುಡುಗ ಮೊದಲು ಅದನ್ನು ತೋರಿಸಿದ. ಆಮೇಲೆ, "ಕಂಪನಿಯ ಸರ್ವೀಸ್ ಸೆಂಟರಿಗೆ ಹೋಗಿ" ಅಂದ. ಅಮ್ಮ ಅಲ್ಲೇ ನಿಂತರು. ಕೊನೆಗೆ ಅವನು ಒಂದು ದಾರಿ ಹೇಳಿದ. "ಡಬ್ಬ ಒಡೆದಿದ್ದೀರಲ್ಲ ಆಂಟಿ, ಇದನ್ನ ಇನ್ನು ಯಾರಿಗೆ ಮಾರಲಿ? ಇಪ್ಪತ್ತು ಪರ್ಸೆಂಟ್ ಕಟ್ ಮಾಡಿ ಬೇರೆ ಕೊಡ್ತೀನಿ." ಐದು ಸಾವಿರದ ಮಿಕ್ಸಿಗೆ ಸಾವಿರ ರೂಪಾಯಿ ದಂಡ! ನಾನು ಬಾಯಿ ತೆರೆಯುವಷ್ಟರಲ್ಲಿ ಅಮ್ಮ ಕೈ ಹಿಡಿದರು. "ನೀನು ಸುಮ್ನಿರು. ನಾಳೆ ಇವರ ಮುಖ ನೋಡಬೇಕಾದವಳು ನಾನು." ಆಮೇಲೆ ಆ ಹುಡುಗನಿಗೆ, "ಯೋಚನೆ ಮಾಡಿ ಬರ್ತೀವಿ. ನಿಮಗೆ ತೊಂದ್ರೆ ಕೊಟ್ವಿ, ಸಾರಿ ಕಣಪ್ಪ" ಅಂದರು.

ಆಟೋದಲ್ಲಿ ಮಗಳು ಕೇಳಿದಳು, "ಕೆಟ್ಟ ಸಾಮಾನು ಕೊಟ್ಟಿದ್ದು ಅವರು. ಅಜ್ಜಿ ಯಾಕೆ ಸಾರಿ ಹೇಳಿದ್ರು?"

ಅಮ್ಮ ಆ ಕಡೆ ತಿರುಗಿ ರಸ್ತೆ ನೋಡುತ್ತಾ ಕೂತರು. ನನಗೆ ಹೊಟ್ಟೆಯಲ್ಲಿ ಕಿವುಚಿದ ಹಾಗಾಯಿತು.

ಅವಳು ಹುಟ್ಟಿ ಬೆಳೆದ ಊರಿನಲ್ಲಿ ಸಾಮಾನು ವಾಪಸ್ ಕೊಡುವುದು ದೊಡ್ಡ ವಿಷಯವೇ ಅಲ್ಲ. ಅದಕ್ಕಂತಲೇ ಒಂದು ಕೌಂಟರ್ ಇರುತ್ತದೆ. ಕ್ರಿಸ್‌ಮಸ್ ಉಡುಗೊರೆಗಳ ಡಿಸೆಂಬರ್ ಕಳೆದ ಮೇಲೆ ಅಲ್ಲಿ ಉದ್ದದ ಸಾಲು. ಯಾರೂ ಯಾರನ್ನೂ ಕ್ಷಮೆ ಕೇಳುವುದಿಲ್ಲ. ಇದನ್ನು ಹೇಳಿದರೆ ಇಲ್ಲಿನ ನೆಂಟರು, "ಅಲ್ಲಿ ಕಾನೂನು ಅಷ್ಟು ಸ್ಟ್ರಿಕ್ಟು, ಇಲ್ಲಿ ಯಾರು ಕೇಳ್ತಾರೆ" ಅನ್ನುತ್ತಾರೆ. ಇದು ಮಾತ್ರ ನಿಜವಲ್ಲ. ಚೆನ್ನಾಗಿರುವ ಸಾಮಾನನ್ನು ವಾಪಸ್ ತಗೊಳ್ಳಲೇಬೇಕು ಅನ್ನೋ ಕಾನೂನು ಇಡೀ ಅಮೆರಿಕಕ್ಕೆ ಅಂತ ಯಾವುದೂ ಇಲ್ಲ. ಅದು ಅಂಗಡಿಯವರ ಪಾಲಿಸಿ, ಗಿರಾಕಿ ಕೈತಪ್ಪಬಾರದು ಅಂತ ಮಾಡಿಕೊಂಡದ್ದು. ಕ್ಯಾಲಿಫೋರ್ನಿಯಾ ಕಾನೂನು ಹೇಳುವುದು ಇಷ್ಟೇ: ಕೊಂಡ 7 ದಿನದೊಳಗೆ ಪೂರ್ತಿ ದುಡ್ಡು ವಾಪಸ್ ಕೊಡಲ್ಲ, ಬದಲಿಯೂ ಕೊಡಲ್ಲ ಅನ್ನುವ ಅಂಗಡಿ ಆ ಮಾತನ್ನು ಎಲ್ಲರಿಗೂ ಕಾಣುವ ಹಾಗೆ ಬರೆದು ಹಾಕಬೇಕು. ಹಾಕದಿದ್ದರೆ ಗಿರಾಕಿ 30 ದಿನದೊಳಗೆ ಸಾಮಾನು ತಂದು ದುಡ್ಡು ಕೇಳಬಹುದು.

ನಮ್ಮ ಹುಡುಗ ಹೇಳಿದ 'ಕಟ್' ಅಲ್ಲೂ ಇದೆ. ಅದನ್ನು ರೀಸ್ಟಾಕಿಂಗ್ ಫೀ ಅನ್ನುತ್ತಾರೆ. ಡಬ್ಬ ಒಡೆದ ಕ್ಯಾಮೆರಾ, ಡ್ರೋನ್, ಆರ್ಡರ್ ಕೊಟ್ಟು ತರಿಸಿದ ಸೋಫಾ, ಇಂಥವಕ್ಕೆ ಶೇಕಡಾ 15ರಷ್ಟು ಹಿಡಿದುಕೊಂಡು ಉಳಿದದ್ದು ಕೊಡುವುದು ಸಾಮಾನ್ಯ, ಕೆಲವು ಕಡೆ ಇನ್ನೂ ಜಾಸ್ತಿ. ಡಬ್ಬ ಒಡೆದ ಮೇಲೆ ಅದನ್ನು ಹೊಸದು ಅಂತ ಮಾರಲು ಆಗುವುದಿಲ್ಲ. ಪರೀಕ್ಷೆ ಮಾಡಿ, ಮತ್ತೆ ಪ್ಯಾಕ್ ಮಾಡಿ, ಬೆಲೆ ಇಳಿಸಿ ಮಾರಬೇಕು. ಆ ಖರ್ಚನ್ನು ಗಿರಾಕಿಯ ಮೇಲೆ ಹಾಕುತ್ತಾರೆ. ಇದಕ್ಕೆ ಅಲ್ಲಿನ ಜನರೂ ಕಾರಣ. ಸೂಪರ್ ಬೌಲ್ ಅನ್ನೋ ಅಮೆರಿಕನ್ ಫುಟ್‌ಬಾಲ್ ಫೈನಲ್ ಮ್ಯಾಚಿಗೆ ದೊಡ್ಡ ಟಿವಿ ತಂದು, ಪಂದ್ಯ ಮುಗಿದ ಮೇಲೆ ವಾಪಸ್ ಕೊಡುವವರಿದ್ದಾರೆ. ಪಾರ್ಟಿಗೆ ಬಟ್ಟೆ ತಂದು, ಟ್ಯಾಗನ್ನು ತೋಳಿನೊಳಗೆ ತುರುಕಿಕೊಂಡು ಹಾಕಿ, ಸೋಮವಾರ ಕೌಂಟರಿಗೆ ಒಯ್ಯುವವರಿದ್ದಾರೆ. ನಮ್ಮವರೂ ಇದ್ದಾರೆ, ಅದನ್ನು ಜಾಣತನ ಅಂತ ಹೇಳಿಕೊಳ್ಳುವುದನ್ನೂ ಕೇಳಿದ್ದೇನೆ. ನನಗೆ ಅದು ಕಳ್ಳತನವೇ. ಮನಸ್ಸು ಬದಲಾಯಿಸಿಕೊಂಡು ವಾಪಸ್ ತಂದವರಿಂದ ಅಂಗಡಿಯವನು ಸ್ವಲ್ಪ ಹಿಡಿದುಕೊಂಡರೆ, ಅದನ್ನು ಮೊದಲೇ ಹೇಳಿದ್ದರೆ, ನನ್ನ ತಕರಾರಿಲ್ಲ. ಆದರೆ ಕೆಟ್ಟಿರುವ ಸಾಮಾನಿಗೂ ದಂಡ ಕಟ್ಟು ಅನ್ನುವುದು ಯಾವ ನ್ಯಾಯ?

ಇಂಗ್ಲೆಂಡಿನಲ್ಲಿರುವ ನನ್ನ ತಂಗಿ ಇದೇ ವ್ಯತ್ಯಾಸವನ್ನು ಯಾವಾಗಲೂ ಹೇಳುತ್ತಾಳೆ. ಅಲ್ಲಿ 2015ರ ಗ್ರಾಹಕ ಹಕ್ಕುಗಳ ಕಾಯಿದೆ ಪ್ರಕಾರ ದೋಷ ಇರುವ ಸಾಮಾನನ್ನು 30 ದಿನದೊಳಗೆ ಬೇಡ ಅಂದು ಪೂರ್ತಿ ದುಡ್ಡು ಕೇಳಬಹುದು. ಆನ್‌ಲೈನಲ್ಲಿ ಕೊಂಡರೆ 14 ದಿನ ಮನಸ್ಸು ಬದಲಾಯಿಸುವ ಅವಕಾಶವೂ ಇದೆ.

ಸರಿ, ನಮ್ಮ ದೇಶದ್ದು? ಆ ರಾತ್ರಿ ನಾನೂ ಅಮ್ಮನೂ ಕೂತು ಓದಿದೆವು. ಓದುತ್ತಾ ಓದುತ್ತಾ ನನಗೆ ಹೆಮ್ಮೆಯೇ ಆಯಿತು. ನಮ್ಮಲ್ಲಿ 1986ರಿಂದಲೇ ಗ್ರಾಹಕ ಸಂರಕ್ಷಣಾ ಕಾಯಿದೆ ಇದೆ. ಈಗಿರುವುದು 2019ರದ್ದು, 2020ರ ಜುಲೈ 20ರಿಂದ ಜಾರಿಗೆ ಬಂತು. ದೋಷ ಇರುವ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿಲ್ಲದಿದ್ದರೆ 30 ದಿನದೊಳಗೆ, ವಾಪಸ್ ಪಡೆದು ದುಡ್ಡು ಕೊಡಲು ಒಪ್ಪದಿರುವುದು ಅನುಚಿತ ವ್ಯಾಪಾರ ಪದ್ಧತಿ ಅಂತ ಅದರಲ್ಲಿ ಸ್ಪಷ್ಟವಾಗಿದೆ. ಬಿಲ್ ಕೊಡದೇ ಇರುವುದೂ ಹಾಗೇ. ಆ ಬೋರ್ಡಿನ ಸಾಲನ್ನು ಬಿಲ್ಲಿನ ಮೇಲೆ ಅಚ್ಚು ಹಾಕಿದ್ದಕ್ಕೇ, ಗ್ರಾಹಕರ ದೂರು ಕೇಳಿ ತೀರ್ಪು ಕೊಡುವ ಗ್ರಾಹಕ ಆಯೋಗಗಳು ಅಂಗಡಿಗಳಿಗೆ ದಂಡ ಹಾಕಿದ ಪ್ರಕರಣಗಳಿವೆ. ಬಣ್ಣ ಹಿಡಿಸಲಿಲ್ಲ, ಅತ್ತಿಗೆಗೆ ಇಷ್ಟ ಆಗಲಿಲ್ಲ ಅಂತ ವಾಪಸ್ ಒಯ್ದರೆ ಅಂಗಡಿಯವರು ಆಗಲ್ಲ ಅನ್ನಬಹುದು, ಅದು ಬೇರೆ. ಕೆಟ್ಟಿದ್ದರೆ ಅನ್ನುವ ಹಾಗಿಲ್ಲ.

ಆನ್‌ಲೈನಿಗೂ 2020ರ ಇ-ಕಾಮರ್ಸ್ ನಿಯಮಗಳಿವೆ. ದೋಷ ಇದ್ದರೆ, ಜಾಹೀರಾತಿನಲ್ಲಿ ತೋರಿಸಿದ ಹಾಗೆ ಇಲ್ಲದಿದ್ದರೆ ಮಾರಾಟಗಾರ ವಾಪಸ್ ತಗೊಳ್ಳಬೇಕು.

ಎಂಟಾಣೆ ಇಂಕು ಖರ್ಚು ಮಾಡಿ ಬೋರ್ಡು ಬರೆಸಿದವರ ಮಾತನ್ನು ನಂಬುತ್ತೇವೆ, ಸಂಸತ್ತು ಬರೆದ ಕಾನೂನನ್ನು ನಂಬುವುದಿಲ್ಲ. ಯಾಕೆ?

ಅಮ್ಮನಿಗೆ ಅದಕ್ಕೊಂದು ಉತ್ತರ ಇತ್ತು. "ಆಗೆಲ್ಲ ಇಷ್ಟು ಕಷ್ಟ ಇರಲಿಲ್ಲ ಕಣೆ. ಮುಖ ನೋಡಿ ಬದಲಾಯಿಸಿ ಕೊಡ್ತಿದ್ರು." ನಿಜ. ನಾವು ಚಿಕ್ಕವರಿದ್ದಾಗ ಗಾಂಧಿ ಬಜಾರಿನ ಹತ್ತಿರದ ಬಾಡಿಗೆ ಮನೆಯಲ್ಲಿದ್ದೆವು. ದಿನಸಿ ಶೆಟ್ಟರ ಅಂಗಡಿಯಲ್ಲಿ ಬೇಳೆಯಲ್ಲಿ ಹುಳ ಬಂದರೆ ಅಪ್ಪ ನನ್ನ ಕೈಲೇ ಚೀಲ ಕಳಿಸುತ್ತಿದ್ದರು. ಶೆಟ್ಟರು ಒಂದು ಮಾತೂ ಆಡದೆ ಸುರಿದುಕೊಂಡು ಬೇರೆ ಅಳೆದು ಕೊಡುತ್ತಿದ್ದರು. ಬಿಲ್ಲೂ ಇಲ್ಲ, ಬೋರ್ಡೂ ಇಲ್ಲ. ತಿಂಗಳ ಲೆಕ್ಕದ ಪುಸ್ತಕ ಇತ್ತು, ಅಪ್ಪನ ಹೆಸರಿತ್ತು.

ಆದರೆ ಅದೇ ಕಾಲದ ಇನ್ನೊಂದು ವಿಷಯ ನನಗೆ ಮರೆತಿಲ್ಲ. ನಮ್ಮ ಮನೆಗೆಲಸಕ್ಕೆ ಬರುತ್ತಿದ್ದವರು ಮಗನಿಗೆ ಶಾಲೆಯ ಶೂ ತಂದಿದ್ದರು. ವಾರದೊಳಗೆ ಅಟ್ಟೆ ಕಿತ್ತು ಬಂತು. ಅಂಗಡಿಗೆ ಒಯ್ದರೆ, "ಹೋಗಮ್ಮ, ನಿನ್ನ ಮಗ ಕಲ್ಲು ಒದ್ದಿರ್ತಾನೆ" ಅಂದು ಅಟ್ಟಿದ್ದರು. ಅವರು ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಾ ಅಳುತ್ತಿದ್ದರು. ಅಮ್ಮ ಸೀರೆ ಬದಲಾಯಿಸಿಕೊಂಡು ಅವರ ಜೊತೆ ಹೋದರು. ಶೂ ತಕ್ಷಣ ಬದಲಾಯಿತು, "ನಿಮ್ಮ ಕಡೆಯವರು ಅಂತ ಗೊತ್ತಿರಲಿಲ್ಲ ಮೇಡಂ" ಅನ್ನೋ ಮಾತಿನ ಸಮೇತ.

ಅದೇ ಶೂ, ಅದೇ ಕಿತ್ತ ಅಟ್ಟೆ. ಬದಲಾದದ್ದು ಮುಖ ಮಾತ್ರ. ಮುಖ ನೋಡಿ ಕೊಡುವ ಕಡೆ ಮುಖ ನೋಡಿ ಅಟ್ಟುವುದೂ ಇರುತ್ತದೆ. ಇದನ್ನು ಅಮ್ಮನಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಬಿಟ್ಟು, "ಈಗ ಜಯನಗರದಲ್ಲಿ ನನ್ನ ಮುಖ ಯಾರಿಗೆ ಗೊತ್ತು?" ಅಂದರು. ಅಂಗಡಿಯ ಹುಡುಗನಿಗೆ ಅವರು ಒಬ್ಬ ಆಂಟಿ, ಅಷ್ಟೇ. ಅವನೂ ಊರು ಬಿಟ್ಟು ಬಂದು ಸಂಬಳಕ್ಕೆ ನಿಂತವನು. ಇಷ್ಟು ದೊಡ್ಡದಾದ ಬೆಂಗಳೂರಿನಲ್ಲಿ ಎಲ್ಲರೂ ಎಲ್ಲರಿಗೂ ಹೊಸಬರೇ. ಪರಿಚಯ ನಡೆಸುತ್ತಿದ್ದ ಕೆಲಸವನ್ನು ಇನ್ನು ಕಾನೂನೇ ನಡೆಸಬೇಕು, ಮತ್ತು ಅದನ್ನು ನಾವು ಬಾಯಿಬಿಟ್ಟು ಕೇಳಬೇಕು.

ಅಮ್ಮ ಮೇಷ್ಟ್ರ ಮಗಳು, ಅಕ್ಷರ ಮುತ್ತಿನ ಹಾಗೆ. ರೂಲ್ ಹಾಳೆಯ ಮೇಲೆ ಅವರೇ ಕನ್ನಡದಲ್ಲಿ ಪತ್ರ ಬರೆದರು. ಬಿಲ್ ನಂಬರು, ತಾರೀಖು, ಏನು ಕೆಟ್ಟಿದೆ, ಯಾವಾಗ ತಂದು ತೋರಿಸಿದ್ದು, ಏನು ಹೇಳಿದರು. ಕೆಳಗೆ, 2019ರ ಕಾಯಿದೆ ಪ್ರಕಾರ ಯಾವ ಕಡಿತವೂ ಇಲ್ಲದೆ ಬದಲಿ ಅಥವಾ ದುಡ್ಡು ಕೊಡಬೇಕು, ಇಲ್ಲದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ, ಆಮೇಲೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡುತ್ತೇನೆ ಅಂತ. ಎರಡು ಪ್ರತಿ, ಒಂದಕ್ಕೆ ಅಂಗಡಿಯ ಸೀಲು ಹಾಕಿಸಿಕೊಳ್ಳಲು. ನಾನು ಸೇರಿಸಿದ್ದು ವಾಷರಿನ ಫೋಟೋ ಮಾತ್ರ.

ಈ ಸಲ ಮಾಲೀಕರು ಇದ್ದರು. ವಯಸ್ಸಾದವರು. ಪತ್ರವನ್ನು ಪೂರ್ತಿ ಓದಿದರು. "ನಾವು ಇದನ್ನ ತಗೊಂಡ್ರೆ ಡಿಸ್ಟ್ರಿಬ್ಯೂಟರ್ ವಾಪಸ್ ತಗೊಳ್ಳಲ್ಲಮ್ಮ, ನಷ್ಟ ನನ್ನ ತಲೆ ಮೇಲೆ" ಅಂದರು. ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಸಣ್ಣ ಅಂಗಡಿಯವರನ್ನು ಕಂಪನಿಗಳು ಹಾಗೇ ಒತ್ತುತ್ತವೆ. ಅದಕ್ಕೇ ದೂರು ಕೊಡುವಾಗ ತಯಾರಿಸಿದ ಕಂಪನಿಯನ್ನೂ ಸೇರಿಸಬಹುದು ಅಂತ ನಾನು ಹೇಳಿದೆ. ಅಮ್ಮ ಕುರ್ಚಿಯಿಂದ ಏಳದೆ ಹೇಳಿದರು, "ನಿಮ್ಮ ಕಷ್ಟ ನನಗೆ ಅರ್ಥ ಆಗುತ್ತೆ. ಆದ್ರೆ ಅದನ್ನ ನೀವು ಅವರ ಹತ್ರ ಕೇಳಬೇಕು. ನಾನು ಕಟ್ಟಲ್ಲ." ಹೊಸ ಮಿಕ್ಸಿ ಬಂತು. ಕಡಿತ ಇಲ್ಲ. ಅಲ್ಲೇ ನೀರು ಹಾಕಿ ಓಡಿಸಿ ನೋಡಿಕೊಂಡು ಬಂದೆವು.

ಕೊಡದೇ ಇದ್ದಿದ್ದರೆ? 1915ಕ್ಕೆ ಕನ್ನಡದಲ್ಲೇ ಮಾತಾಡಬಹುದು. ಅಲ್ಲೂ ಆಗದಿದ್ದರೆ ಜಿಲ್ಲಾ ಆಯೋಗ. ನಾವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಅಂಗಡಿ ಎಲ್ಲಾದರೂ ಇರಲಿ. ವಕೀಲರು ಬೇಕೇ ಬೇಕು ಅಂತಿಲ್ಲ. ಕೊಂಡ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ಎರಡು ವರ್ಷದೊಳಗೆ ಕೊಡಬೇಕು. ಮನೆಯಿಂದಲೇ ಆನ್‌ಲೈನಲ್ಲೂ ಆಗುತ್ತದೆ. ತೀರ್ಪು ಬರುವುದು ತಡ ಆಗುತ್ತದೆ, ಅದರಲ್ಲಿ ನಮ್ಮ ವ್ಯವಸ್ಥೆ ಸುಧಾರಿಸಲೇಬೇಕು. ಒಂದು ಮಿಕ್ಸಿಗೆ ತಿಂಗಳುಗಟ್ಟಲೆ ಅಲೆಯಲು ಯಾರಿಗೆ ಪುರುಸೊತ್ತಿದೆ? ಅಂಗಡಿಯವರಿಗೂ ಅದು ಗೊತ್ತು. ಅದಕ್ಕೇ ಆ ಬೋರ್ಡು ಇನ್ನೂ ಗೋಡೆಯ ಮೇಲಿದೆ. ಆದರೆ ಎಲ್ಲ ಜಗಳವೂ ಆಯೋಗದ ತನಕ ಹೋಗಬೇಕಾಗಿಲ್ಲ. ಎಷ್ಟೋ ಸಲ ಒಂದು ಹಾಳೆ ಸಾಕು.

ವಿಷಯ ಮಹಡಿ ಮೇಲಿನ ಮನೆಯವರಿಗೂ ಗೊತ್ತಾಗಿದೆ. ಅವರ ನೀರಿನ ಫಿಲ್ಟರ್ ತಂದ ವಾರಕ್ಕೇ ಸೋರುತ್ತಿದೆ. "ಅಂಗಡಿಯವರು ನಮ್ಮೂರಿನವರೇ, ಹಾಸನದ ಕಡೆಯವರು. ಹೇಗೆ ಕೇಳೋದು, ಮುಲಾಜು" ಅಂತ ಅವರು ಮೆಟ್ಟಿಲ ಮೇಲೆ ನಿಂತಿದ್ದಾರೆ. ಅಮ್ಮ ಕೆಳಗಿನಿಂದ, "ನಮ್ಮೂರಿನವರಾದ್ರೆ ಇನ್ನೂ ಒಳ್ಳೇದಲ್ವಾ? ಬಿಲ್ ಎಲ್ಲಿದೆ, ಮೊದಲು ಅದನ್ನ ತನ್ನಿ" ಅನ್ನುತ್ತಿದ್ದಾರೆ.