ಎಡಗೈ ನೆಟ್ಟಗಿಡಿ ಸಾರ್

ಬೆಳಗ್ಗೆ ಆರೂವರೆಗೇ ದೊಮ್ಮಲೂರು ಕಡೆ ಗಾಲ್ಫ್ ಹೊಡೆತ ಅಭ್ಯಾಸ ಮಾಡೋ ಡ್ರೈವಿಂಗ್ ರೇಂಜಲ್ಲಿ ಒಂದು ಬಕೆಟ್ ಬಾಲ್ ಖಾಲಿ ಮಾಡ್ದೆ, ಅರ್ಧಕ್ಕರ್ಧ ಬಲಕ್ಕೇ ತಿರುಗಿ ಹೋದ್ವು. ಕೋಚ್ ಅವರದ್ದು ಅದೇ ಮಂತ್ರ, ಎಡಗೈ ನೆಟ್ಟಗಿಡಿ ಸಾರ್, ತಲೆ ಅಲ್ಲಾಡಿಸ್ಬೇಡಿ ಸಾರ್. ಚಿಕ್ಕಂದಿನಿಂದ ಗಲ್ಲಿ ಕ್ರಿಕೆಟಲ್ಲಿ ಅಡ್ಡ ಬ್ಯಾಟ್ ಬೀಸಿದ ಕೈ ಇದು, ಎಲ್ಲಿ ಕೇಳತ್ತೆ!

ಆಮೇಲೆ ಕಾಫಿ ಕುಡೀತಾ ಕೂತಾಗ ಅನ್ನಿಸ್ತು, ಅಮೆರಿಕದ ಗಾಲ್ಫ್ ಆಟಗಾರ ಜಿಮ್ ಫ್ಯೂರಿಕ್ ಈ ರೇಂಜಿಗೆ ಬಂದಿದ್ರೆ ಮೊದಲ್ನೇ ದಿನವೇ ಬೈಸ್ಕೋತಿದ್ರು, ಅವ್ರ ಕ್ಲಬ್ಬು, ಅಂದ್ರೆ ಗಾಲ್ಫ್ ಕೋಲು, ಸೀದಾ ಮೇಲಕ್ಕೆ ಹೋಗಿ ಗಾಳೀಲಿ ಒಂದು ಸುತ್ತು ಹಾಕ್ಕೊಂಡು ಒಳಗಿಂದ ಇಳಿಯತ್ತೆ, ಆದ್ರೆ 2016ರಲ್ಲಿ ಒಂದು ರೌಂಡನ್ನ ಬರೀ 58 ಹೊಡೆತಕ್ಕೇ ಮುಗಿಸಿ ಅಮೆರಿಕದ ವೃತ್ತಿಪರ ಗಾಲ್ಫ್ ಸರಣಿ ಪಿಜಿಎ ಟೂರಲ್ಲಿ ದಾಖಲೆ ಮಾಡಿದ್ದೂ ಅದೇ ಸ್ವಿಂಗು. ಕೆನಡಾದ ಮೋ ನಾರ್ಮನ್ ಅಂತೂ ಕಾಲು ಅಗಲಿಸಿ, ಎರಡೂ ಕೈ ಮುಂದಕ್ಕೆ ಚಾಚಿ, ಕ್ಲಬ್ಬನ್ನ ಬಾಲಿಂದ ಸುಮಾರು ಹಿಂದೆ ಇಟ್ಟು ಶುರು ಮಾಡ್ತಿದ್ರು, ಬಾಲ್ ಮಾತ್ರ ದಾರ ಹಿಡಿದಂಗೆ ನೆಟ್ಟಗೆ. ಬಾಲಿಗೇನು ಗೊತ್ತು ನಮ್ಮ ಭಂಗಿ, ಅದಕ್ಕೆ ಬೇಕಿರೋದು ತಾಗೋ ಗಳಿಗೇಲಿ ಕ್ಲಬ್ಬಿನ ಮುಖ ಯಾವ ಕಡೆ, ಬಂದಿದ್ದು ಯಾವ ದಾರೀಲಿ, ಎಷ್ಟು ಜೋರಾಗಿ ಅನ್ನೋದು.

(ಹಂಗಂತ ನನ್ನ ಸ್ಲೈಸು, ಅಂದ್ರೆ ಬಾಲ್ ಹಂಗೆ ಬಲಕ್ಕೆ ತಿರುಗೋದು, ಹೊಸ ಸಿದ್ಧಾಂತ ಏನಲ್ಲ, ಬರೀ ತಪ್ಪು.) ಮುಂದಿನ ಭಾನುವಾರ ನಾನೂ ಕಾಲು ಅಗಲಿಸಿ ನೋಡ್ತೀನಿ, ಕೋಚ್ ಪಕ್ಕದವ್ರಿಗೆ ಹೇಳ್ಕೊಡೋಕೆ ಹೋದಾಗ.