ಒಂದೇ ಗಣಕದಲ್ಲಿ ಕೆವಿಎಂ ಮತ್ತು ವರ್ಚುವಲ್‌ಬಾಕ್ಸ್

ಬದಿಯಡ್ಕದ ನಮ್ಮ ಮನೆಯ ಲಿನಕ್ಸ್ ಗಣಕದಲ್ಲಿ ಗಣಕದೊಳಗೇ ಮತ್ತೊಂದು ಕಾಲ್ಪನಿಕ ಗಣಕವನ್ನು ಓಡಿಸುವ ಎರಡು ತಂತ್ರಾಂಶಗಳು, ಅಂದರೆ ಹೈಪರ್‌ವೈಸರ್‌ಗಳಿವೆ: ಸರ್ವರ್ ಪ್ರಯೋಗಗಳಿಗೆ ಕೆವಿಎಂ, ಅಡಿಕೆ ತೋಟದ ಲೆಕ್ಕವಿರುವ ಹಳೆಯ ವಿಂಡೋಸ್ ತಂತ್ರಾಂಶಕ್ಕೆ ವರ್ಚುವಲ್‌ಬಾಕ್ಸ್. ಎರಡನ್ನೂ ಸ್ಥಾಪಿಸಿಕೊಳ್ಳಲು ಅಡ್ಡಿಯಿಲ್ಲ. ತೊಡಕಿರುವುದು ಒಟ್ಟಿಗೆ ಓಡಿಸುವುದರಲ್ಲಿ.

ಈ ಕೆಲಸಕ್ಕೆಂದೇ ಇಂಟೆಲ್ ಪ್ರೊಸೆಸರಿನಲ್ಲಿರುವ ವಿಟಿ-ಎಕ್ಸ್ ಸೌಲಭ್ಯವನ್ನು ಬಳಸುವ ಹೈಪರ್‌ವೈಸರ್ ಮೊದಲು ಪ್ರತಿಯೊಂದು ಕೋರ್‌ನಲ್ಲಿಯೂ ವಿಎಂಎಕ್ಸ್‌ಆನ್ ಎಂಬ ಆದೇಶದ ಮೂಲಕ ಹೈಪರ್‌ವೈಸರಿಗೆ ಮೀಸಲಾದ ರೂಟ್ ಮೋಡ್ ಎಂಬ ಸ್ಥಿತಿಯನ್ನು ಪ್ರವೇಶಿಸುತ್ತದೆ. ಒಂದು ಹಾಗೆ ಒಳಹೊಕ್ಕ ಮೇಲೆ, ಅದು ಬಿಟ್ಟುಕೊಡುವವರೆಗೆ ಇನ್ನೊಂದಕ್ಕೆ ಆ ಸ್ಥಾನ ದೊರೆಯುವುದಿಲ್ಲ. ಹಿಂದೆ ಕೆವಿಎಂ ತನ್ನ ಮೊದಲ ಅತಿಥಿ ಯಂತ್ರ (ಒಳಗೆ ಓಡುವ ಕಾಲ್ಪನಿಕ ಗಣಕ) ಆರಂಭವಾಗುವಾಗ ಮಾತ್ರ ಈ ಹೆಜ್ಜೆಯಿಡುತ್ತಿತ್ತು. 2024ರ ನವೆಂಬರ್‌ನಲ್ಲಿ ಬಂದ ಲಿನಕ್ಸ್ 6.12ರಿಂದ ಕೆವಿಎಂನ ಮಾಡ್ಯೂಲ್, ಅಂದರೆ ಲಿನಕ್ಸ್‌ನ ತಿರುಳಾದ ಕರ್ನೆಲ್‌ಗೆ ಸೇರುವ ಅದರ ಭಾಗ, ಲೋಡ್ ಆದೊಡನೆಯೇ ಆ ಹೆಜ್ಜೆಯಿಡುತ್ತದೆ. ಹೀಗಾಗಿ ಕೆವಿಎಂನಲ್ಲಿ ಒಂದೂ ಅತಿಥಿ ಯಂತ್ರ ಓಡದಿದ್ದರೂ, ನನ್ನಲ್ಲಿರುವ ವರ್ಚುವಲ್‌ಬಾಕ್ಸ್ ದೋಷಸೂಚನೆ ತೋರಿಸಿ ನಿಂತುಬಿಡುತ್ತದೆ.

ಕರ್ನೆಲ್‌ನ ಬೂಟ್ ಸಾಲಿಗೆ 'kvm.enable_virt_at_load=0' ಎಂಬ ಆಯ್ಕೆಯನ್ನು ಸೇರಿಸಿದರೆ ಹಳೆಯ ನಡೆ ಮರಳುತ್ತದೆ; ಆಗಲೂ ಸರದಿ ತಪ್ಪದು, ಕೆವಿಎಂ ಅತಿಥಿಯನ್ನು ಮುಚ್ಚಿಯೇ ಲೆಕ್ಕಕ್ಕೆ ಕೂರಬೇಕು. ಕೆವಿಎಂ ಅತಿಥಿಯೊಳಗೇ ವರ್ಚುವಲ್‌ಬಾಕ್ಸ್ ಓಡಿಸುವ ದಾರಿಯೂ ಇದೆ, ಆದರೆ ಈ ಹಳೆಯ ಪೆಟ್ಟಿಗೆಗೆ ಅದು ಅತಿಭಾರ. ವರ್ಚುವಲ್‌ಬಾಕ್ಸ್‌ನ ವಿಡಿಐ ಡಿಸ್ಕ್ ಕಡತವನ್ನು ಕೆವಿಎಂ ಜೊತೆ ಬಳಸುವ ಕ್ಯೂಕೌ2 ರೂಪಕ್ಕೆ ಪರಿವರ್ತಿಸಿ ಎಲ್ಲವನ್ನೂ ಕೆವಿಎಂಗೇ ಒಪ್ಪಿಸುವುದು ಮೇಲೆಂದು ನನ್ನ ಅಭಿಪ್ರಾಯ. ಈ ಸಲದ ಅಡಿಕೆ ಲೆಕ್ಕ ಮುಗಿಯುವವರೆಗೆ ಮಾತ್ರ ಆ ಡಿಸ್ಕನ್ನು ಮುಟ್ಟುವುದಿಲ್ಲ.