ಹಿತ್ತಿಲ ಡೆಕ್: ಸ್ಕ್ರೂ ನಿರ್ಧಾರವಾಯಿತು, ಹನ್ನೊಂದು ಹಲಗೆ ಕೂತವು

ಮಲ್ಪೆಯ ಕಡಲಿಗೆ ಅರ್ಧ ಕಿಲೋಮೀಟರ್ ಕೂಡ ದೂರವಿಲ್ಲದ ನಮ್ಮ ಮನೆಯ ಹಿತ್ತಿಲಲ್ಲಿ ಮೂರು ಮೀಟರ್ ಅಗಲ, ಸುಮಾರು ನಾಲ್ಕು ಮೀಟರ್ ಉದ್ದದ ಡೆಕ್ ಕಟ್ಟುವ ಕೆಲಸ ಈ ವಾರ ಮತ್ತೆ ಆರಂಭವಾಗಿದೆ. ಹಳೆಯ ಮಾಡು ಬಿಚ್ಚಿದಾಗ ಉಳಿದಿದ್ದ ಕಿರಾಲುಭೋಗಿ ಮರದ ಪಕ್ಕಾಸುಗಳನ್ನು (ಮಾಡಿನ ಉದ್ದ ಮರದ ತುಂಡುಗಳನ್ನು) 375 ಮಿ.ಮೀ. ಅಂತರದಲ್ಲಿ ಒಂಬತ್ತು ಸಾಲಾಗಿ ಜೋಡಿಸಿದ್ದೇನೆ. ಅವುಗಳ ಮೇಲೆ ಬರುವುದು 25 ಮಿ.ಮೀ. ದಪ್ಪದ, ಟೊಳ್ಳಿಲ್ಲದ ಡಬ್ಲ್ಯುಪಿಸಿ ಹಲಗೆ, ಅಂದರೆ ಮರದ ಪುಡಿಯನ್ನೂ ಪ್ಲಾಸ್ಟಿಕನ್ನೂ ಬೆರೆಸಿ ತಯಾರಿಸಿದ್ದು. ಚೌಕಟ್ಟು ಸಿದ್ಧವಾಗಿ ತಿಂಗಳುಗಳೇ ಕಳೆದರೂ ಹಲಗೆ ಕೂರಿಸದೆ ಇದ್ದದ್ದು ಸ್ಕ್ರೂ ಯಾವುದೆಂದು ತೀರ್ಮಾನವಾಗದ ಕಾರಣಕ್ಕೆ.

ಮೊದಲು ಮರಗೆಲಸದ ಸಾಮಾನ್ಯ ಸ್ಕ್ರೂವನ್ನೇ ಒಂದು ತುಂಡಿನ ಮೇಲೆ ಹಾಕಿ ನೋಡಿದೆ. ಮೆದು ಮರವಾದರೆ ತಲೆಯ ಒತ್ತಡಕ್ಕೆ ತಗ್ಗಿ ಜಾಗ ಕೊಡುತ್ತದೆ, ಆದರೆ ಈ ಹಲಗೆ ಹಾಗೆ ತಗ್ಗುವುದಿಲ್ಲವಾದ್ದರಿಂದ ಒಳಗಿನಿಂದ ಬಂದ ಪುಡಿಯೆಲ್ಲ ತಲೆಯ ಸುತ್ತ ಅಣಬೆಯಂತೆ ಉಬ್ಬಿ ನಿಂತಿತು. ಉಬ್ಬನ್ನು ಉಜ್ಜಿ ತೆಗೆದರೆ ಹಲಗೆಯ ಮೇಲ್ಮೈಯೇ ಹಾಳಾಗುತ್ತದೆ. ಇಂಥ ಹಲಗೆಗೆಂದೇ ಸಿಗುವ ಸ್ಕ್ರೂಗಳಲ್ಲಿ ತಲೆ ಚಿಕ್ಕದಾಗಿರುತ್ತದೆ ಮತ್ತು ತಲೆಯ ಕೆಳಗೆ ಸ್ವಲ್ಪ ದೂರದವರೆಗೆ ಸ್ಕ್ರೂವಿನ ಸುರುಳಿ ಎಳೆ ವಿರುದ್ಧ ದಿಕ್ಕಿಗೆ ತಿರುಗಿರುತ್ತದೆ. ಮೇಲೇಳುವ ಪುಡಿಯನ್ನು ಆ ಎಳೆ ಮತ್ತೆ ಕೆಳಕ್ಕೆ ಎಳೆದುಕೊಳ್ಳುವುದರಿಂದ ತೂತಿನ ಅಂಚು ಸಪಾಟಾಗಿ ಉಳಿಯುತ್ತದೆ. ಆಕಾರದ ಪ್ರಶ್ನೆ ಅಲ್ಲಿಗೆ ಬಗೆಹರಿಯಿತು.

ಲೋಹದ ಪ್ರಶ್ನೆ ಅಷ್ಟು ಸುಲಭವಾಗಿರಲಿಲ್ಲ. ಅಂಗಡಿಯವರು “ಎಲ್ಲವೂ ಸ್ಟೇನ್‌ಲೆಸ್ಸೇ, ಯಾವುದಾದರೇನು?” ಎಂದರು, ಕಡಲ ದಂಡೆಯಲ್ಲಿ ಈ ಮಾತನ್ನು ಒಪ್ಪಲಾಗದು. ಸ್ಟೇನ್‌ಲೆಸ್ ಉಕ್ಕಿನಲ್ಲಿ 410 ದರ್ಜೆಯದು ಗಟ್ಟಿ, ಆದರೆ ತುಕ್ಕನ್ನು ತಡೆಯುವ ಶಕ್ತಿ ಅದರಲ್ಲಿ ಕಡಿಮೆ. 304ರಲ್ಲಿ ಸುಮಾರು 18 ಶೇಕಡಾ ಕ್ರೋಮಿಯಂ, 8 ಶೇಕಡಾ ನಿಕಲ್ ಇರುತ್ತದೆ. 316ರಲ್ಲಿ ಇವುಗಳ ಜೊತೆಗೆ ಎರಡರಿಂದ ಮೂರು ಶೇಕಡಾ ಮಾಲಿಬ್ಡಿನಂ ಸೇರಿರುತ್ತದೆ, ಉಪ್ಪಿನ ಕ್ಲೋರೈಡ್ ಲೋಹವನ್ನು ಚುಕ್ಕಿಚುಕ್ಕಿಯಾಗಿ ಕೊರೆಯುವುದನ್ನು ತಡೆಯುವುದು ಅದೇ. ಈ ಮೂರನ್ನೂ, ಜೊತೆಗೆ ಸತುವಿನ ಲೇಪದ ಸಾಧಾರಣ ಸ್ಕ್ರೂವನ್ನೂ ಎರಡು ತುಂಡುಗಳಿಗೆ ಹಾಕಿ, ಒಂದನ್ನು ಬಯಲಿನಲ್ಲಿ, ಇನ್ನೊಂದನ್ನು ಮಾಡಿನ ಅಂಚಿನ ಕೆಳಗೆ ಇಟ್ಟಿದ್ದೆ. ಮಳೆಗಾಲ ಮುಗಿಯುವಷ್ಟರಲ್ಲಿ ಸತುವಿನದು ಕೆಂಪಾಗಿ ಹಲಗೆಯ ಮೇಲೆ ಗೆರೆ ಇಳಿಸಿತ್ತು, 410ರ ತಲೆಯ ಕುಳಿಯಲ್ಲಿ ಕಂದು ಕಟ್ಟಿತ್ತು. ನನಗೆ ಮುಖ್ಯವೆನಿಸಿದ್ದು 304ರ ಸ್ಥಿತಿ. ಮಳೆ ನೇರವಾಗಿ ಬೀಳುವಲ್ಲಿ ಅದು ಹೊಳೆಯುತ್ತಿತ್ತು, ಮಾಡಿನ ಕೆಳಗಿನದರಲ್ಲಿ ಮಾತ್ರ ಚಹಾ ಬಣ್ಣದ ಕಲೆ ಬಂದಿತ್ತು. ಮಳೆ ಉಪ್ಪನ್ನು ತೊಳೆದು ಒಯ್ಯುತ್ತದೆ, ಮರೆಯಲ್ಲಿ ಅದು ಕೂತೇ ಇರುತ್ತದೆ. ಡೆಕ್ಕಿನ ಅರ್ಧಭಾಗ ಮಾಡಿನ ಕೆಳಗೇ ಬರುವುದರಿಂದ, ಬೆಲೆ ಹೆಚ್ಚಾದರೂ 316ನ್ನೇ ಆರಿಸಿದೆ.

ಅಯಸ್ಕಾಂತದಿಂದ 410ನ್ನು ಗುರುತಿಸಬಹುದು, ಏಕೆಂದರೆ ಅದು ಬಲವಾಗಿ ಅಂಟಿಕೊಳ್ಳುತ್ತದೆ. 304 ಮತ್ತು 316ರ ವ್ಯತ್ಯಾಸ ಮಾತ್ರ ಅದರಿಂದ ತಿಳಿಯದು. ಆದ್ದರಿಂದ ಮಾಲಿಬ್ಡಿನಂ ಪತ್ತೆ ಮಾಡುವ ದ್ರಾವಣ ತರಿಸಿ, ಪ್ರತಿ ಪೆಟ್ಟಿಗೆಯಿಂದ ಒಂದೊಂದನ್ನು ಪರೀಕ್ಷಿಸಿದ ಬಳಿಕವೇ ಕೆಲಸಕ್ಕೆ ತೆಗೆದುಕೊಂಡೆ.

ಉದ್ದ 63 ಮಿ.ಮೀ., ಹಾಗಾಗಿ ಪಕ್ಕಾಸಿನೊಳಗೆ 38 ಮಿ.ಮೀ. ಇಳಿಯುತ್ತದೆ. ಕಿರಾಲುಭೋಗಿ ಬಹಳ ಗಟ್ಟಿ ಮರ. ಮೊದಲೇ 3 ಮಿ.ಮೀ. ತೂತು ಕೊರೆಯದೆ ಹಾಕಿದ ಎರಡು ಸ್ಕ್ರೂಗಳು ಕುತ್ತಿಗೆಯಲ್ಲೇ ತುಂಡಾದವು. ಈಗ ಪ್ರತಿಯೊಂದಕ್ಕೂ ತೂತು ಕೊರೆದು, ಡ್ರಿಲ್ಲನ್ನು ನಿಧಾನದ ವೇಗದಲ್ಲಿಟ್ಟು ಬಿಗಿಸುತ್ತಿದ್ದೇನೆ. ಬಿಸಿಲಿಗೆ ಹಲಗೆ ಉದ್ದಕ್ಕೆ ಹಿಗ್ಗುವುದರಿಂದ ಗೋಡೆಯ ಬದಿಗೆ 10 ಮಿ.ಮೀ. ಬಿಟ್ಟಿದ್ದೇನೆ.

ಒಟ್ಟು 27 ಹಲಗೆ, ಪ್ರತಿ ಪಕ್ಕಾಸಿಗೆ ಎರಡರಂತೆ 486 ಸ್ಕ್ರೂ ಬೇಕು. ಹನ್ನೊಂದು ಹಲಗೆಗಳಲ್ಲಿ 198 ಮುಗಿದಿವೆ. ಹನ್ನೆರಡನೆಯದಕ್ಕೆ ಪೇರಳೆ ಮರದ ಬುಡ ಅಡ್ಡ ಬರುವುದರಿಂದ ಆ ಹಲಗೆಯನ್ನು ಬಾಗಿದ ಗೆರೆಯಲ್ಲಿ ಕತ್ತರಿಸಬೇಕಾಗಿದೆ, ರಟ್ಟಿನ ಅಚ್ಚು ಸಿದ್ಧವಾಗಿದೆ.